ಹುಲ್ಲುಗಾವಲಿನ ಒಂಟಿ ಕಲ್ಲು

ಪ್ರಶ್ನೆ: ಐರ್ಲೆಂಡಿನ ಕಾರ್ಕ್ ಕೌಂಟಿಯಲ್ಲಿದ್ದೇನೆ. ಇಲ್ಲಿನ ಹುಲ್ಲುಗಾವಲುಗಳಲ್ಲಿ ಆಳೆತ್ತರದ ಒಂಟಿ ಕಲ್ಲುಗಳಿವೆ. ಪ್ರಾಚೀನ ಕಾಲದವೋ, ದನ ಮೈ ಉಜ್ಜಿಕೊಳ್ಳಲೆಂದು ರೈತರು ನೆಟ್ಟವೋ? ಗುರುತಿಸುವುದು ಹೇಗೆ?

ಸಂಪಾದಕರ ಉತ್ತರ: ಎರಡು ಬಗೆಯವೂ ಇವೆ. ದನಗಳಿಗೆ ಮೂರು ಸಾವಿರ ವರ್ಷದ ಕಲ್ಲೂ ಆದೀತು, ತೊಡಕು ಅಲ್ಲೇ ಇರುವುದು. ಮೊದಲು ಅಲ್ಲಿನ ರಾಷ್ಟ್ರೀಯ ಸ್ಮಾರಕ ಸೇವೆಯ ಆನ್‌ಲೈನ್ ನಕ್ಷೆಯಲ್ಲಿ ಆ ಹೊಲವನ್ನು ಹುಡುಕಿ. ದಾಖಲಾದ ಸ್ಮಾರಕವಾಗಿದ್ದರೆ ಗುರುತು ಇರುತ್ತದೆ. ಗುರುತಿಲ್ಲದ ಮಾತ್ರಕ್ಕೆ ಕಲ್ಲು ಹೊಸದೆಂದಲ್ಲ.

ಆಮೇಲೆ ದಿಕ್ಸೂಚಿ ಹಿಡಿಯಿರಿ. ಕಾರ್ಕ್, ಕೆರ್ರಿ ಕಡೆಯ ಚಪ್ಪಟೆ ನಿಲುಗಲ್ಲುಗಳಲ್ಲಿ ಹಲವು ಈಶಾನ್ಯ–ನೈಋತ್ಯ ಗೆರೆಗೆ ಹೊಂದಿ ನಿಂತಿವೆ. ನಿಮಗೆ ಹತ್ತಿರದ ಡ್ರೊಂಬೆಗ್ ಕಲ್ಲುವೃತ್ತವನ್ನು ನೋಡಿ ಬನ್ನಿ: ಮೂಲದಲ್ಲಿ 17 ಕಲ್ಲು, ಸುಮಾರು 9 ಮೀಟರ್ ಅಡ್ಡಳತೆ. ಈಶಾನ್ಯದ ಎರಡು ಬಾಗಿಲುಗಲ್ಲುಗಳ ನಡುವಿನಿಂದ, ಎದುರಿನ ಅಡ್ಡಗಲ್ಲಿನ ಮೇಲೆ ದೃಷ್ಟಿ ಹಾಯಿಸಿದರೆ ಡಿಸೆಂಬರ್ 21ರ ಆಸುಪಾಸಿನ ಸೂರ್ಯಾಸ್ತದ ದಿಕ್ಕು ಸಿಗುತ್ತದೆ. ಆದರೆ ಒಂಟಿ ಕಲ್ಲಿನ ದಿಕ್ಕು ಬರೀ ಕಾಕತಾಳೀಯವೂ ಆಗಿರಬಹುದು.

ಹೆಚ್ಚು ಹೇಳುವುದು ಬುಡವೇ. ಪ್ರಾಚೀನ ಕಲ್ಲಾದರೆ, ಒಂದು ಬದಿ ಇಳಿಜಾರಾದ ಗುಂಡಿ ತೋಡಿ, ಕಲ್ಲಿನ ಬುಡವನ್ನು ಅದರೊಳಕ್ಕೆ ಜಾರಿಸಿ, ಹಗ್ಗ ಹಾಕಿ ಎಳೆದು ನಿಲ್ಲಿಸಿ, ಸುತ್ತ ಸಣ್ಣ ಕಲ್ಲು ಜಡಿದಿರಬೇಕು. ದನ ತುಳಿದು ಬುಡದ ಮಣ್ಣು ತಗ್ಗಾಗುತ್ತದೆ, ಅಲ್ಲಿ ಮಳೆನೀರು ನಿಲ್ಲುತ್ತದೆ, ಜಡಿದ ಕಲ್ಲು ಸಡಿಲಾಗಿ ಕಂಬ ವಾಲುತ್ತದೆ. ಅಂಥ ತಗ್ಗಿನಲ್ಲಿ ಜಡಿಗಲ್ಲುಗಳು ಇಣುಕುತ್ತಿವೆಯೇ ನೋಡಿ, ಕೀಳಬೇಡಿ. ಕಲ್ಲಿನ ಅಂಚಿನಲ್ಲಿ ಸೀಳಿದ ಕೊಳವೆಯಂಥ ಕೊರೆತಗಳು ಸಾಲಾಗಿದ್ದರೆ ಈಚಿನ ಕಲ್ಲುಗಣಿಯ ಕೆಲಸವೆಂದು ಶಂಕಿಸಬಹುದು.

ಖಚಿತ ಉತ್ತರ ಕೊಡುವುದು ಉತ್ಖನನ ಮಾತ್ರ. ಕಿಲ್ಡೇರ್ ಕೌಂಟಿಯ ಪಂಚೆಸ್‌ಟೌನ್‌ನಲ್ಲಿ ಸುಮಾರು 7 ಮೀಟರ್ ಉದ್ದದ ಗ್ರಾನೈಟ್ ಕಂಬ 1931ರಲ್ಲಿ ಉರುಳಿತು. 1934ರಲ್ಲಿ ಅದನ್ನು ಮತ್ತೆ ನೆಡುವ ಹೊತ್ತಿಗೆ ಬುಡದಲ್ಲಿ ಕಂಚಿನ ಯುಗದ ಕಲ್ಲುಪೆಟ್ಟಿಗೆ ಸಮಾಧಿ ಪತ್ತೆಯಾಗಿತ್ತು. ಹಾಗೆಂದು ಪ್ರತಿ ಕಲ್ಲಿನಡಿಯೂ ಗೋರಿ ಇದೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಂಚಿನುದ್ದಕ್ಕೂ ಗೀರುಗಳಿದ್ದರೆ ಓಘಮ್ ಲಿಪಿ, ಅಂದರೆ ಗೀರುಗಳಿಂದಲೇ ಅಕ್ಷರ ಮೂಡಿಸುವ ಹಳೆಯ ಐರಿಷ್ ಬರಹ, ಇರಬಹುದು. ಅಂಥ ಬರಹಗಳಲ್ಲಿ ಹೆಚ್ಚಿನವು ಕ್ರಿ.ಶ. 4ರಿಂದ 7ನೇ ಶತಮಾನದವು. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಸಂಜೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೀರು ಎದ್ದು ಕಾಣುತ್ತದೆ. ಸೀಮೆಸುಣ್ಣ, ತಂತಿಬ್ರಷ್ ಎರಡೂ ಬೇಡ. ಕಲ್ಲುಹೂವಿನ ಜೊತೆ ಅಕ್ಷರವೂ ಹೋದೀತು.

ಇನ್ನೊಂದು ಮಾತು, ಅಲ್ಲಿ ಖಾಸಗಿ ಹೊಲದಲ್ಲಿ ಓಡಾಡುವ ಹಕ್ಕು ಯಾರಿಗೂ ತಾನಾಗಿ ಇಲ್ಲ. ರೈತರನ್ನು ಕೇಳಿಯೇ ಒಳಗೆ ಹೋಗಿ, ಹೋರಿ ಇದೆಯೇ ಎಂದೂ ವಿಚಾರಿಸಿ, ಗೇಟು ಮುಚ್ಚಿ. ಲೋಹಶೋಧಕವನ್ನು ಮನೆಯಲ್ಲೇ ಬಿಡಿ: ಸ್ಮಾರಕದ ಜಾಗದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಬಳಸಿದರೆ ಅದು ಅಪರಾಧ.