ಸ್ಟೇನ್‌ಲೆಸ್ ಹುಲಿಗೂ ತುಕ್ಕು ಹಿಡಿಯುತ್ತದೆ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಮ್ಯಾಸ್ಕಾಟ್ ಹುಲಿ. ಎರಡಾಳೆತ್ತರದ ಮೂರ್ತಿ ಮಾಡಿಸುತ್ತಿದ್ದೇವೆ. ಸ್ಟೇನ್‌ಲೆಸ್ ಹಾಕಿದರೆ ಮತ್ತೆ ತಿರುಗಿ ನೋಡುವುದೇ ಬೇಡ ಎನ್ನುತ್ತಾರೆ ಫ್ಯಾಬ್ರಿಕೇಟರ್. ನಂಬಬಹುದೇ?

ಉತ್ತರ: ಈ ತಿಂಗಳಲ್ಲಿ ಇದೇ ಪ್ರಶ್ನೆ ಮೂರನೇ ಸಲ. ನಂಬಬೇಡಿ. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಅದು ಗಾಳಿ ತಾಗಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಉಕ್ಕನ್ನು ಕಾಯುವುದು ಆ ಪೊರೆ.

ಅದು ಕೆಡುವುದು ಹೆಚ್ಚಾಗಿ ವರ್ಕ್‌ಶಾಪ್‌ನಲ್ಲೇ. ನಿನ್ನೆ ಮೈಲ್ಡ್ ಸ್ಟೀಲ್ (ತುಕ್ಕು ಹಿಡಿಯುವ ಸಾದಾ ಉಕ್ಕು) ಗೇಟು ಉಜ್ಜಿದ ಗ್ರೈಂಡಿಂಗ್ ವೀಲ್‌ನಿಂದ ಇವತ್ತು ಹುಲಿಯ ಬೆನ್ನು ಉಜ್ಜುತ್ತಾರೆ. ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಹುಲಿಗೆ ಚಿರತೆಯ ಚುಕ್ಕೆ! ವೆಲ್ಡಿಂಗ್ ಪಕ್ಕ ಉಳಿಯುವ ನೀಲಿ-ಕಂದು ಬಣ್ಣದ ಜಾಗವೂ ಅಷ್ಟೇ ದುರ್ಬಲ. ಹಾಗಾಗಿ ಸ್ಟೇನ್‌ಲೆಸ್‌ಗೆ ಬೇರೆ ಸಲಕರಣೆ, ಕೊನೆಯಲ್ಲಿ ಪಿಕ್ಲಿಂಗ್ (ಆಮ್ಲ ಹಾಕಿ ಕೊಳೆ, ಸುಟ್ಟ ಬಣ್ಣ ತೆಗೆಯುವುದು), ಪ್ಯಾಸಿವೇಶನ್ (ಆ ಪೊರೆ ಮತ್ತೆ ಚೆನ್ನಾಗಿ ಕಟ್ಟುವಂತೆ ಮಾಡುವುದು) ಎಂದು ಕರಾರಿನಲ್ಲಿ ಬರೆಸಿ. ‘ಸುಮ್ನೆ ಪಾಲಿಶ್ ಹೊಡೆದರೆ ಸಾಕು’ ಎಂದರೆ ಬೇರೆಯವರನ್ನು ಹುಡುಕಿ.

ಸಮುದ್ರದ ಗಾಳಿ ಬೀಸುವ ಊರಾದರೆ ಸಾಮಾನ್ಯವಾಗಿ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಬೇಡ, 316 ದರ್ಜೆಯದ್ದು ಕೇಳಿ. ಅದರಲ್ಲಿರುವ 2–3% ಮಾಲಿಬ್ಡಿನಂ ಉಪ್ಪಿನ ಹೊಡೆತ ತಡೆಯುತ್ತದೆ.

ಇನ್ನು ಒಳಗಿನ ಅಸ್ಥಿಪಂಜರ. ಕಾಣುವುದಿಲ್ಲ ಅಲ್ವಾ, ದುಡ್ಡು ಉಳಿಸುವುದು ಅಲ್ಲೇ. ಮೈಲ್ಡ್ ಸ್ಟೀಲ್ ಚೌಕಟ್ಟು, ಮೇಲೆ ಸ್ಟೇನ್‌ಲೆಸ್ ತೊಗಲು, ನಡುವೆ ನೀರು: ಮೈಲ್ಡ್ ಸ್ಟೀಲ್ ಬೇಗ ಸವೆದು ಹೋಗುತ್ತದೆ. ಒಂದು ಕ್ಯಾಂಪಸ್‌ನಲ್ಲಿ ಹೊರಗೆ ಫಳಫಳ ಹೊಳೆಯುವ ಮೂರ್ತಿಯ ಕಾಲಿಗೆ ತೂತು ಕೊರೆಸಿದೆ. ಬಂದದ್ದು ಕೆಂಪು ನೀರು. ಚೌಕಟ್ಟೂ ಸ್ಟೇನ್‌ಲೆಸ್ ಇರಲಿ. ಹೊಟ್ಟೆ, ಪಾದಗಳ ತೀರಾ ತಗ್ಗಿನಲ್ಲಿ ನೀರು ಹೋಗಲು ತೂತು ಬಿಡಿಸಿ.

ತೊಳೆಯುವುದಂತೂ ಬೇಕೇ ಬೇಕು. ಶಿಕಾಗೋದ ‘ಕ್ಲೌಡ್ ಗೇಟ್’ ಶಿಲ್ಪವೂ ಸ್ಟೇನ್‌ಲೆಸ್ಸೇ. ಕೈಗೆಟುಕುವ ಕೆಳಭಾಗವನ್ನು ದಿನಾ ಒರೆಸುತ್ತಾರೆ.

ಪ್ರಶ್ನೆ: ನ್ಯಾನೋ ಕೋಟಿಂಗ್‌ಗೆ ಲೈಫ್‌ಟೈಮ್ ಗ್ಯಾರಂಟಿಯಂತೆ?

ಉತ್ತರ: ಯಾರ ಲೈಫ್‌ಟೈಮ್? ಹುಲಿಯದ್ದಾ, ಕಂಪನಿಯದ್ದಾ?

ಪ್ರಶ್ನೆ: ಕಾರ್ಟೆನ್ ಸ್ಟೀಲ್ ಆಗಬಹುದೇ?

ಉತ್ತರ: ಮೇಲಿನ ತುಕ್ಕಿನ ಪದರವೇ ಒಳಗನ್ನು ಕಾಯುವ ಉಕ್ಕು ಅದು. ನೀರು ನಿಲ್ಲದ, ಉಪ್ಪುಗಾಳಿ ಇಲ್ಲದ ಕಡೆ ಆಗಬಹುದು. ಇಂಗ್ಲೆಂಡಿನ 1998ರ ‘ಏಂಜಲ್ ಆಫ್ ದ ನಾರ್ತ್’ ಮೂರ್ತಿ ಅಂಥದ್ದೇ ಉಕ್ಕು. ಬುಡಕ್ಕೆ ಬಿಳಿ ಕಲ್ಲು ಹಾಸಿ, ಆಮೇಲೆ ಕೆಂಪು ಕಲೆ ಎಂದು ನನಗೆ ಬರೆಯಬೇಡಿ.

ಪ್ರಶ್ನೆ: ‘ಹತ್ತಬಾರದು’ ಬೋರ್ಡ್ ಸಾಲದೇ?

ಉತ್ತರ: ಹತ್ತೇ ಹತ್ತುತ್ತಾರೆ. ಗ್ರೂಪ್ ಫೋಟೋಗೆ ಹತ್ತು ಜನ ಬೆನ್ನೇರುತ್ತಾರೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಮೊದಲೇ ಹೇಳಿ. ಬಾಲಕ್ಕೆ ಜೋತು ಬೀಳುವವನನ್ನೂ ಲೆಕ್ಕಕ್ಕೆ ಸೇರಿಸಲಿ.