ಗಾಂಜಾ ಬೆಣ್ಣೆ ಬಟ್ಟಲಲ್ಲಿರಲಿ, ಕೋಳಿಗೆ ಬೇಡ

ಪ್ರಶ್ನೆ: ಅಕ್ಕಾ, ನಾವಿರೋದು ಕೆನಡಾದ ಮಿಸ್ಸಿಸಾಗಾದಲ್ಲಿ. ಮಗನಿಗೆ 26 ವರ್ಷ. ಅಕ್ಟೋಬರ್‌ನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮೂವರು ಗೆಳೆಯರನ್ನು ಕರೆದು, ಗಾಂಜಾ ಬೆಣ್ಣೆ ಸವರಿ ಇಡೀ ಕೋಳಿ ರೋಸ್ಟ್ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಆಗಲೇ ಹಾಸನದಿಂದ ನಮ್ಮ ಅತ್ತೆ, ಮಾವ ಬಂದಿರುತ್ತಾರೆ. ಇಲ್ಲಿ ಕಾನೂನಿನ ತೊಂದರೆ ಇಲ್ಲ ಅಂತಾನೆ. ಬೇಡ ಅಂದರೆ ಹೊರಗೆಲ್ಲೋ ಮಾಡ್ತಾನೆ. ಮನೆಯಲ್ಲೇ ಸರಿಯಾಗಿ ಮಾಡೋದು ಹೇಗೆ?

ಉತ್ತರ: ಬೈದು ಬಾಯಿ ಮುಚ್ಚಿಸದೆ ನನ್ನನ್ನು ಕೇಳಿದಿರಲ್ಲ, ಒಳ್ಳೆಯದಾಯಿತು. ನಿಮ್ಮ ಮಗ ಹೇಳಿದ್ದು ನಿಜ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ಒಂಟಾರಿಯೋದಲ್ಲಿ 19 ತುಂಬಿರಬೇಕು, ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಬೇಕು. ಮನೆಯಲ್ಲಿ ಅಡುಗೆಗೆ ಹಾಕಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಆದರೆ ಅವನು ಮಾಡಲು ಹೊರಟಿರುವ ರೀತಿಗೆ ನನ್ನ ಒಪ್ಪಿಗೆ ಇಲ್ಲ. ಗಾಂಜಾ ಬೆಣ್ಣೆಯನ್ನು ಕೋಳಿಗೆ ಸವರಲೇಬಾರದು.

ಟೊರಾಂಟೊ ಸುತ್ತಮುತ್ತ ಮದುವೆ, ಸೀಮಂತದ ಊಟಗಳಿಗೆ ಅಡುಗೆ ಮಾಡಿಕೊಂಡು ಬಂದವಳು ನಾನು. ಇಡೀ ಕೋಳಿ ಓವನ್‌ನಲ್ಲಿ ಬೇಯುವಾಗ ಏನಾಗುತ್ತದೆ ಅಂತ ಗಮನಿಸಿ. ಚರ್ಮದ ಕೆಳಗೆ ತುಂಬಿದ ಬೆಣ್ಣೆ ಮೊದಲ ಕಾಲು ಗಂಟೆಯಲ್ಲೇ ಕರಗಿ ಇಳಿಯಲು ಶುರುವಾಗುತ್ತದೆ. ಸ್ವಲ್ಪ ಎದೆಯ ಮೇಲೆ ನಿಲ್ಲುತ್ತದೆ, ಸ್ವಲ್ಪ ತೊಡೆಯ ಸಂದಿಗೆ ಹೋಗುತ್ತದೆ, ಉಳಿದದ್ದು ತಟ್ಟೆಗೆ ಸೋರುತ್ತದೆ. ತಟ್ಟೆಯಲ್ಲಿರುವ ಆಲೂಗಡ್ಡೆ, ಕ್ಯಾರೆಟ್ ಅದನ್ನೆಲ್ಲ ಹೀರಿಕೊಳ್ಳುತ್ತವೆ. ಕೊನೆಗೆ ಆ ರಸದಲ್ಲೇ ಗ್ರೇವಿ ಮಾಡುತ್ತೀರಿ. ಅಮಲು ತರುವ ಟಿಎಚ್‌ಸಿ ಕೊಬ್ಬಿನಲ್ಲೇ ಕರಗಿರುವುದರಿಂದ ಕೊಬ್ಬು ಹೋದ ಕಡೆಗೆಲ್ಲ ಅದೂ ಹೋಗುತ್ತದೆ. ಎದೆಯ ತುಂಡು ತಿಂದವನಿಗೆ ಏನೂ ಆಗದೆ, ಎರಡು ಆಲೂಗಡ್ಡೆ ತಿಂದವನಿಗೆ ವಿಪರೀತ ಏರಬಹುದು. ಜೊತೆಗೆ ರೋಸ್ಟಿನ ಬಿಸಿಗೆ ಟಿಎಚ್‌ಸಿ ಒಂದಷ್ಟು ಹಾಳೂ ಆಗುತ್ತದೆ. ಯಾರ ತಟ್ಟೆಯಲ್ಲಿ ಎಷ್ಟಿದೆ ಅಂತ ಅಡುಗೆ ಮಾಡಿದವರಿಗೇ ಗೊತ್ತಿರುವುದಿಲ್ಲ. ಅಂಥ ಊಟವನ್ನು ನಾನಂತೂ ಯಾರಿಗೂ ಬಡಿಸಲಾರೆ.

ಅದಕ್ಕೇ ಕೋಳಿಯನ್ನು ಎಲ್ಲರೂ ತಿನ್ನುವ ಕೋಳಿಯಾಗಿಯೇ ಮಾಡಿ. ಎರಡು ಕಿಲೋ ಒಳಗಿನದು ತನ್ನಿ. ಹಿಂದಿನ ರಾತ್ರಿಯೇ ಉಪ್ಪು ಹಚ್ಚಿ, ಮುಚ್ಚದೆ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಚರ್ಮ ಒಣಗಿದಷ್ಟೂ ಗರಿಗರಿಯಾಗುತ್ತದೆ. ಮರುದಿನ ಮಾಮೂಲಿ ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಸಣ್ಣಗೆ ಹೆಚ್ಚಿದ ಕರಿಬೇವು ಕಲಸಿ ಸವರಿ. ಹೊಟ್ಟೆಯೊಳಗೆ ಅರ್ಧ ನಿಂಬೆಹಣ್ಣು ಇಡಿ. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಇಟ್ಟು, ಆಮೇಲೆ 180ಕ್ಕೆ ಇಳಿಸಿ. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಥರ್ಮಾಮೀಟರ್ ಚುಚ್ಚಿ ನೋಡಿ. ಇಡೀ ಕೋಳಿಗೆ 82 ಡಿಗ್ರಿ ಬರಬೇಕು ಅನ್ನುತ್ತದೆ ಕೆನಡಾ ಸರ್ಕಾರದ ಆರೋಗ್ಯ ಇಲಾಖೆ ‘ಹೆಲ್ತ್ ಕೆನಡಾ’. ತೆಗೆದ ಮೇಲೆ ಕಾಲು ಗಂಟೆ ಹಾಗೇ ಬಿಟ್ಟು ಕತ್ತರಿಸಿ. ಅತ್ತೆ, ಮಾವ ಧಾರಾಳವಾಗಿ ತಿನ್ನಬಹುದು.

ಗಾಂಜಾ ಬೇಕಾದವರಿಗೆ ಪ್ರತ್ಯೇಕ ಪುಟ್ಟ ಬಟ್ಟಲು. ಅದಕ್ಕೆ ಅಂಗಡಿಯ ಗಾಂಜಾ ಎಣ್ಣೆಯೇ ವಾಸಿ. ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಟಿಎಚ್‌ಸಿ ಇದೆ ಅಂತ ಬಾಟಲಿಯ ಮೇಲೇ ಬರೆದಿರುತ್ತದೆ. ಉದಾಹರಣೆಗೆ 10 ಮಿಲಿಗ್ರಾಂ ಇದ್ದರೆ, ಸಿರಿಂಜ್‌ನಲ್ಲಿ ಕಾಲು ಮಿಲಿಲೀಟರ್ ಎಳೆದರೆ ಎರಡೂವರೆ ಮಿಲಿಗ್ರಾಂ. ಅಷ್ಟನ್ನು ಒಂದು ಚಮಚ ಮೆತ್ತಗಿನ ಬೆಣ್ಣೆಗೆ ಕಲಸಿ, ಬಡಿಸಿದ ತುಂಡಿನ ಮೇಲೆ ಹಾಕಿಕೊಂಡರೆ ಆಯಿತು. ಹೊಸಬರು ಎರಡೂವರೆ ಮಿಲಿಗ್ರಾಂ ದಾಟಬಾರದು. ಅಂಗಡಿಯ ತಿನಿಸಿನ ಇಡೀ ಪ್ಯಾಕೆಟ್‌ಗೇ ಸರ್ಕಾರ ಇಟ್ಟಿರುವ ಮಿತಿ 10 ಮಿಲಿಗ್ರಾಂ.

ಇಲ್ಲ, ಬೆಣ್ಣೆಯನ್ನು ನಾನೇ ಮಾಡ್ತೀನಿ ಅಂತ ಮಗ ಕೂತರೆ ಈ ಲೆಕ್ಕ ತೋರಿಸಿ. 20 ಪರ್ಸೆಂಟ್ ಟಿಎಚ್‌ಸಿಯ ಒಂದೇ ಒಂದು ಗ್ರಾಂ ಗಾಂಜಾ ಹೂವಿನಲ್ಲಿ 200 ಮಿಲಿಗ್ರಾಂ ತನಕ ಇರುತ್ತದೆ. ಹೂವನ್ನು ಮುಚ್ಚಿದ ಪಾತ್ರೆಯಲ್ಲಿ 115 ಡಿಗ್ರಿಯ ಓವನ್‌ನಲ್ಲಿ ಸುಮಾರು 40 ನಿಮಿಷ ಇಟ್ಟರೇನೇ ಅದಕ್ಕೆ ಅಮಲಿನ ಗುಣ ಬರುವುದು. ಅದನ್ನು 100 ಗ್ರಾಂ ಬೆಣ್ಣೆಯಲ್ಲಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು, ಕುದಿಸದೆ ಎರಡು ಗಂಟೆ ಕಾಯಿಸಿ ಸೋಸಿದರೆ, ಒಂದು ಟೀ ಚಮಚ ಬೆಣ್ಣೆಯಲ್ಲಿ 10 ಮಿಲಿಗ್ರಾಂ ಹತ್ತಿರ ಇರಬಹುದು. ಕಡಿಮೆಯೂ ಇರಬಹುದು. ಅಂದರೆ ಹೊಸಬರು ಕಾಲು ಟೀ ಚಮಚ ದಾಟಬಾರದು. ಮೂರೂವರೆ ಗ್ರಾಂನ ಪ್ಯಾಕೆಟ್ಟನ್ನು ಪೂರ್ತಿ ಸುರಿದರೆ ಏನಾಗುತ್ತದೆ ಅಂತ ಅವನೇ ಲೆಕ್ಕ ಹಾಕಲಿ.

ಇನ್ನೊಂದು ಮಾತು. ಸೇದಿದ ಹಾಗೆ ತಿಂದದ್ದು ತಕ್ಷಣ ಏರುವುದಿಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಪೂರ್ತಿ ಏರಲು ನಾಲ್ಕು ಗಂಟೆ ಹಿಡಿಯಬಹುದು, ಇಳಿಯಲು 12 ಗಂಟೆ. ‘ಏನೂ ಆಗ್ಲಿಲ್ಲ ಕಣೋ’ ಅಂತ ಇನ್ನೊಂದು ಚಮಚ ಹಾಕಿಕೊಳ್ಳುವುದರಿಂದಲೇ ಜನ ಆಸ್ಪತ್ರೆ ಸೇರುವುದು. ಒಬ್ಬರಿಗೆ ಒಂದೇ ಸಲ ಬಡಿಸಿ, ಬಟ್ಟಲು ಎತ್ತಿಡಿ. ಅವತ್ತು ವೈನ್, ಬಿಯರ್ ಬೇಡ. ಗೆಳೆಯರು ರಾತ್ರಿ ನಿಮ್ಮಲ್ಲೇ ಮಲಗಲಿ, ಕಾರಿನ ಕೀ ಮೊದಲೇ ಇಸಿದುಕೊಳ್ಳಿ.

ಅತ್ತೆ, ಮಾವನಿಗೆ ವಿಷಯವನ್ನು ಮುಚ್ಚಿಡಬೇಡಿ. ‘ಆ ಬಟ್ಟಲು ಹುಡುಗರದ್ದು, ಅದರಲ್ಲಿ ಗಾಂಜಾ ಇದೆ’ ಅಂತ ಕನ್ನಡದಲ್ಲೇ ನೇರವಾಗಿ ಹೇಳಿ. ಮುನಿಸಿಕೊಂಡರೂ ಪರವಾಗಿಲ್ಲ. ಮಾವ ರಕ್ತ ತೆಳುವಾಗಿಸುವ ಮಾತ್ರೆಯನ್ನೋ ಹೃದಯದ ಮಾತ್ರೆಯನ್ನೋ ತಗೊಳ್ಳುತ್ತಿದ್ದರೆ ತಿಳಿಯದೆ ತಿಂದದ್ದು ಅಪಾಯಕ್ಕೆ ದಾರಿಯಾಗಬಹುದು. ಯಾರಿಗೇ ಆಗಲಿ, ಹೇಳದೆ ತಿನ್ನಿಸುವುದು ದ್ರೋಹ, ಅಪರಾಧವೂ ಹೌದು. ಮನೆಗೆ ಪುಟ್ಟ ಮಕ್ಕಳು ಬರುವವರಿದ್ದರೆ ಈ ಊಟವನ್ನು ಬೇರೆ ದಿನಕ್ಕೆ ಹಾಕಿ. ಅಕಸ್ಮಾತ್ ಮಗು ತಿಂದರೆ, ಅಥವಾ ದೊಡ್ಡವರಿಗೇ ಎದೆನೋವು, ಉಸಿರಾಟದ ತೊಂದರೆ ಬಂದರೆ ಕಾಯಬೇಡಿ, 911ಕ್ಕೆ ಫೋನ್ ಮಾಡಿ. ಏನು ತಿಂದದ್ದು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಪ್ರಶ್ನೆ: ನಾನು ಬೆಂಗಳೂರಿನ ಓದುಗ. ಟೊರಾಂಟೊದಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿಂದ ಒಂದು ಡಬ್ಬಿ ಗಾಂಜಾ ಬೆಣ್ಣೆ ತರಬಹುದಾ? ಇಲ್ಲೇ ಮನೆಯಲ್ಲಿ ಮಾಡಿಕೊಳ್ಳಬಹುದಾ?

ಉತ್ತರ: ಎರಡೂ ಆಗದು. ಗಾಂಜಾವನ್ನು ಯಾವ ರೂಪದಲ್ಲೇ ಆಗಲಿ ಗಡಿ ದಾಟಿಸುವುದು ಕೆನಡಾದಲ್ಲೇ ಅಪರಾಧ. ಭಾರತದಲ್ಲಿ ಇಳಿದರೆ ಮಾದಕ ವಸ್ತುಗಳ ವಿರುದ್ಧದ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಆಮದು ಅಂತಲೇ ಕೇಸ್ ಆಗುತ್ತದೆ. ಮನೆಯಲ್ಲಿ ಸ್ವಲ್ಪವೇ ಇದ್ದರೂ ಜೈಲು, ದಂಡ ಎರಡೂ ಆಗಬಹುದು. ಭಂಗಿ ಸೊಪ್ಪಿನ ಮಾತು ಬೇರೆ. ಹೂವಿನ ತುದಿ ಸೇರದ ಬರೀ ಎಲೆ ಆ ಕಾಯ್ದೆಯ ‘ಗಾಂಜಾ’ದಲ್ಲಿ ಬರುವುದಿಲ್ಲ. ಅದನ್ನೇ ನೆಪ ಮಾಡಿಕೊಂಡು ಹೂವು ತಂದು ಅಡುಗೆ ಮಾಡಲು ಹೋಗಬೇಡಿ. ಕರಿಬೇವು, ಮೆಣಸಿನ ಕೋಳಿಯನ್ನು ಮೇಲೆ ಹೇಳಿದ ಹಾಗೇ ಮಾಡಿ. ಓವನ್ ಇಲ್ಲದಿದ್ದರೆ ಕೋಳಿಯನ್ನು ನಾಲ್ಕು ಭಾಗ ಮಾಡಿಸಿ, ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಕೊನೆಯ ಐದು ನಿಮಿಷ ಮುಚ್ಚಳ ತೆಗೆದು ಉರಿ ಜೋರು ಮಾಡಿ.