ಗಾರ್ಡಿಯನ್ ಆಸ್ಟ್ರೇಲಿಯಾದಲ್ಲಿ ಬೇರೂರಿದ್ದು ಹೇಗೆ?

ಬ್ರಿಟನ್ನಿನ ಗಾರ್ಡಿಯನ್ ಆಸ್ಟ್ರೇಲಿಯಾದಲ್ಲಿ ದಿನಪತ್ರಿಕೆ ಅಚ್ಚು ಹಾಕುವುದಿಲ್ಲ, ಆದರೂ ಅಲ್ಲಿ ಅಷ್ಟು ಓದುಗರು ಹೇಗೆ ಸಿಕ್ಕರು, ಹೊರದೇಶದ ಆವೃತ್ತಿ ತೆರೆಯುವ ಸುದ್ದಿತಾಣ ಏನು ಗಮನಿಸಬೇಕು ಎಂದು ಕೇಳಿದ್ದೀರಿ. ನನ್ನ ಪ್ರಕಾರ ಮುಖ್ಯ ಕಾರಣ ಒಂದೇ: ಅಲ್ಲಿಯ ಸುದ್ದಿಯನ್ನು ಅಲ್ಲಿಯವರಿಂದಲೇ ಬರೆಸಿದರು.

2013ರ ಮೇ ತಿಂಗಳಲ್ಲಿ ಕ್ಯಾಥರಿನ್ ವೈನರ್ ಸಂಪಾದಕತ್ವದಲ್ಲಿ ಗಾರ್ಡಿಯನ್ ಆಸ್ಟ್ರೇಲಿಯಾ ಎಂಬ ಸುದ್ದಿತಾಣ ಸಿಡ್ನಿಯಿಂದ ಶುರುವಾಯಿತು. ಆರಂಭದ ಹಣ ಕೊಟ್ಟವರು ಹೋಟೆಲ್ ಕಾಯ್ದಿರಿಸುವ ತಾಣ ವೋಟಿಫ್ ಸ್ಥಾಪಿಸಿದ ಗ್ರೇಮ್ ವುಡ್. ರಾಜಧಾನಿ ಕ್ಯಾನ್‌ಬೆರಾದ ರಾಜಕೀಯವನ್ನು ಅರೆದು ಕುಡಿದ ಪತ್ರಕರ್ತೆಯರಾದ ಲೆನೋರ್ ಟೇಲರ್, ಕ್ಯಾಥರಿನ್ ಮರ್ಫಿ ಅವರನ್ನು ಮೊದಲೇ ಸೇರಿಸಿಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಸಂಸತ್ ಚುನಾವಣೆಯೂ ಬಂತು.

ಗಡಿಯಾರ ನೋಡಿದರೆ ಸ್ಥಳೀಯ ತಂಡ ಏಕೆ ಬೇಕೆಂದು ಗೊತ್ತಾಗುತ್ತದೆ. ಕ್ಯಾನ್‌ಬೆರಾದಲ್ಲಿ ಪ್ರಶ್ನೋತ್ತರ ಕಲಾಪ ಮಧ್ಯಾಹ್ನ 2ಕ್ಕೆ. ಜೂನ್‌ನಲ್ಲಿ ಆಗ ಲಂಡನ್ನಿನಲ್ಲಿ ಬೆಳಗಿನ ಜಾವ 5, ಡಿಸೆಂಬರ್‌ನಲ್ಲಿ 3. ಕಲಾಪದ ನಿಮಿಷ ನಿಮಿಷದ ವರದಿಯನ್ನು ಲಂಡನ್ನಿನ ಡೆಸ್ಕ್ ನಿಭಾಯಿಸುವ ಮಾತೇ ಇಲ್ಲ. ಬದಲಿಗೆ ಲಂಡನ್ ಮಲಗಿರುವಾಗ ಜಗತ್ತಿನ ಸುದ್ದಿ ನೋಡಿಕೊಳ್ಳಲು ಸಿಡ್ನಿಯೇ ಒದಗಿತು. ನಂಬಿಕೆ ಹುಟ್ಟಿಸಿದ್ದು ತನಿಖಾ ವರದಿಗಳು. ಆಸ್ಟ್ರೇಲಿಯಾ ತನ್ನಲ್ಲಿಗೆ ಬಂದ ನಿರಾಶ್ರಿತರನ್ನು ಕಳಿಸಿದ್ದ ನೌರು ದ್ವೀಪದ ಶಿಬಿರದಿಂದ ಸೋರಿಬಂದ 2,000ಕ್ಕೂ ಹೆಚ್ಚು ಘಟನಾ ವರದಿಗಳನ್ನು 2016ರ ಆಗಸ್ಟ್‌ನಲ್ಲಿ ಪ್ರಕಟಿಸಿದ್ದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಈಗ ತಾಂತ್ರಿಕ ಭಾಗ. ಹೆಚ್ಚಿನವರು ಎಡವುವುದು ಇಲ್ಲೇ. ಗಾರ್ಡಿಯನ್‌ನಲ್ಲಿ ದೇಶಕ್ಕೊಂದು ಮುಖಪುಟ, ಆದರೆ ಪ್ರತಿ ಲೇಖನಕ್ಕೆ ಒಂದೇ ವೆಬ್ ವಿಳಾಸ. ಒಂದೇ ಲೇಖನವನ್ನು ನಾಲ್ಕು ವಿಳಾಸದಲ್ಲಿ ಹಾಕಿದರೆ ಹೊರಗಿನ ಲಿಂಕುಗಳು ಹರಿದು ಹಂಚಿಹೋಗುತ್ತವೆ, ಯಾವುದನ್ನು ತೋರಿಸಬೇಕೆಂದು ಗೂಗಲ್ಲೇ ತೀರ್ಮಾನಿಸುತ್ತದೆ. 2013ರ ಜುಲೈನಲ್ಲಿ ಅವರು ಡಾಟ್ ಕೋ ಡಾಟ್ ಯುಕೆ ಬಿಟ್ಟು ಡಾಟ್ ಕಾಮ್‌ಗೆ ಬಂದರು. ಹೀಗೆ ಬದಲಿಸುವವರು ಪ್ರತಿ ಹಳೆಯ ವಿಳಾಸವನ್ನೂ ಅದರದೇ ಹೊಸ ಪುಟಕ್ಕೆ 301 (ಪುಟ ಶಾಶ್ವತವಾಗಿ ಸ್ಥಳ ಬದಲಿಸಿದೆ ಎಂಬ ಸಂಕೇತ) ಮೂಲಕ ತಿರುಗಿಸಬೇಕು. ಎಲ್ಲವನ್ನೂ ಮುಖಪುಟಕ್ಕೆ ತಳ್ಳಿದರೆ ಹುಡುಕಾಟದಲ್ಲಿ ವರ್ಷಗಟ್ಟಲೆ ಗಳಿಸಿದ ಸ್ಥಾನ ಹೋಗುತ್ತದೆ.

ಮುಖಪುಟಗಳಿಗೆ, ಯಾವ ದೇಶದವರಿಗೆ ಯಾವ ಪುಟ ಎಂದು ಗೂಗಲ್‌ಗೆ ಹೇಳುವ ಹೆಚ್‌ರೆಫ್‌ಲ್ಯಾಂಗ್ ಟ್ಯಾಗ್ ಹಾಕಿ. ಒಂದು ಪುಟ ಇನ್ನೊಂದನ್ನು ತೋರಿಸಿದರೆ ಆ ಪುಟವೂ ಇದನ್ನು ತೋರಿಸಬೇಕು, ಇಲ್ಲವಾದರೆ ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ಬ್ರಿಟನ್ನಿಗೆ ‘ಇಎನ್-ಜಿಬಿ’ ಎಂಬ ಸಂಕೇತ ಸರಿ, ‘ಇಎನ್-ಯುಕೆ’ ತಪ್ಪು. ಐಪಿ (ಓದುಗರ ಸಂಪರ್ಕದ ಇಂಟರ್ನೆಟ್ ವಿಳಾಸ) ನೋಡಿ ಓದುಗರನ್ನು ಬಲವಂತವಾಗಿ ಬೇರೆ ಆವೃತ್ತಿಗೆ ಕಳಿಸಬೇಡಿ. ಗೂಗಲ್‌ನ ಬಾಟ್ (ಪುಟಗಳನ್ನು ಓದಿ ಪಟ್ಟಿಮಾಡುವ ತಂತ್ರಾಂಶ) ಬಹುಪಾಲು ಅಮೆರಿಕದ ಐಪಿಯಿಂದ ಬರುತ್ತದೆ, ಹಾಗಾಗಿ ಅದಕ್ಕೆ ಅಮೆರಿಕದ ಪುಟವಷ್ಟೇ ಕಂಡೀತು. ಮೇಲೊಂದು ಪಟ್ಟಿಯಲ್ಲಿ ಆವೃತ್ತಿ ಸೂಚಿಸಿ, ಓದುಗರು ಆರಿಸಿದ್ದನ್ನು ಕುಕೀಯಲ್ಲಿ (ಓದುಗರ ಬ್ರೌಸರಿನಲ್ಲಿ ಉಳಿಯುವ ಸಣ್ಣ ಕಡತ) ನೆನಪಿಡಿ.

ಹಣದ ವಿಚಾರ: ಪೇವಾಲ್ (ಹಣ ಕೊಟ್ಟರಷ್ಟೇ ಓದಲು ಬಿಡುವ ಕಟ್ಟು) ಹಾಕದೆ ಜಾಹೀರಾತಿನ ಜೊತೆ ಓದುಗರ ಸ್ವಇಚ್ಛೆಯ ಕೊಡುಗೆಯನ್ನೂ ನಂಬಿದರು. ಸುದ್ದಿಗೆ ಹಣ ಕೊಡುವ ಬಗ್ಗೆ ಟೆಕ್ ಕಂಪನಿಗಳನ್ನು ಮಾತುಕತೆಗೆ ತರುವ ಆಸ್ಟ್ರೇಲಿಯಾದ 2021ರ ಸುದ್ದಿ ಮಾಧ್ಯಮ ಚೌಕಾಸಿ ಸಂಹಿತೆಯ ಹೊತ್ತಿಗೆ ಗೂಗಲ್, ಫೇಸ್‌ಬುಕ್ ಜೊತೆಗೂ ಒಪ್ಪಂದವಾಯಿತು.

ಕಾನೂನನ್ನೂ ಮೊದಲೇ ನೋಡಿ. ಭಾರತ 2019ರಲ್ಲಿ ಡಿಜಿಟಲ್ ಸುದ್ದಿಗೆ ವಿದೇಶಿ ಬಂಡವಾಳದ ಮಿತಿಯನ್ನು 26 ಶೇಕಡಕ್ಕೆ ನಿಗದಿ ಮಾಡಿತು, ಅದಕ್ಕೂ ಸರ್ಕಾರದ ಅನುಮತಿ ಬೇಕು. ಅಮೆರಿಕದ ಬಜ್‌ಫೀಡ್ ಕಂಪನಿ ಹಫ್‌ಪೋಸ್ಟ್ ಎಂಬ ಸುದ್ದಿತಾಣವನ್ನು ಕೊಂಡಾಗ ಭಾರತದ ಆವೃತ್ತಿ ಅದರ ಕೈಗೆ ಹೋಗಲಿಲ್ಲ, 2020ರ ನವೆಂಬರ್‌ನಲ್ಲಿ ಮುಚ್ಚಿತು.